ಸೀಸದ ಸೀಲು ಒತ್ತಿಸುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯವರ ಬಲಗಡೆ ಹುಬ್ಬು ಅರ್ಧವೇ ಇತ್ತು. ಉಳಿದರ್ಧ ಇರಬೇಕಾದ ಕಡೆ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಹದಿನೆಂಟನೇ ವಯಸ್ಸಿನಲ್ಲಿ ಯಾವುದೋ ಅಕ್ಕಿ ಗಿರಣಿಯ ಬಾಯ್ಲರ್ ಮುಂದೆ ಕೆಲಸಕ್ಕಿದ್ದಾಗ ಹಬೆ ಬಡಿದು ಸುಟ್ಟಿದ್ದಂತೆ. ಹಬೆ ಹೆಚ್ಚಾದರೆ ತಾನೇ ತೆರೆದುಕೊಳ್ಳಬೇಕಾದ ವಾಲ್ವಿಗೆ ಯಾರೋ ಪುಣ್ಯಾತ್ಮ, ಕೆಲಸ ಬೇಗ ಮುಗಿಯಲಿ ಅಂತ, ಕಲ್ಲು ಕಟ್ಟಿದ್ದ. ಇವರಿಗೆ ಹುಬ್ಬು ಹೋಯಿತು, ಪಕ್ಕದಲ್ಲಿದ್ದವನಿಗೆ ಎರಡೂ ಕಣ್ಣು ಹೋದವು.

ನನಗೆ ಪರಿಚಯವಾಗುವ ಹೊತ್ತಿಗೆ ಅವರು ಭದ್ರಾವತಿಯಲ್ಲಿ ತಗಡಿನ ಶೆಡ್ಡೊಂದರಲ್ಲಿ ಟರ್ಬೊ ರಿಪೇರಿ ಮಾಡುತ್ತಿದ್ದರು. ಮನೆಮಾತು ತಮಿಳು. ನಾನು ಶಿವಮೊಗ್ಗದ ಪಾಲಿಟೆಕ್ನಿಕ್ ಒಂದರಲ್ಲಿ ಆಟೊಮೊಬೈಲ್ ಪಾಠ ಹೇಳುವವನು. ಊರೆಲ್ಲ ನನ್ನನ್ನು ಸಾರ್ ಅನ್ನುವಾಗ ಇವರೊಬ್ಬರು, ನನ್ನ ವಿದ್ಯಾರ್ಥಿಗಳ ಎದುರಿಗೇ, ತಂಬಿ, ಅಂದರೆ ತಮ್ಮ, ಅನ್ನುತ್ತಿದ್ದರು. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ಆ ಕರೆ ಕೇಳುವುದಕ್ಕೇ ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದೆ.

ನಾನು ಹತ್ತು ವರ್ಷ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹೇಳಿದ್ದನ್ನು ಅವರು ಒಂದು ಸೈಕಲ್ ಪಂಪಿನಲ್ಲಿ ತೋರಿಸಿಬಿಟ್ಟರು. ಎಂಜಿನ್ನಿನ ಹೊಗೆ ಟರ್ಬೊದ ಚಕ್ರ ತಿರುಗಿಸುತ್ತದೆ. ಆ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ, ಗಾಡಿಗೆ ಬಲ ಬರುತ್ತದೆ. ಗಾಳಿ ಹೆಚ್ಚಿದಷ್ಟೂ ಹೊಗೆ, ಹೊಗೆ ಹೆಚ್ಚಿದಷ್ಟೂ ಗಾಳಿ. ಹಾಗೇ ಬಿಟ್ಟರೆ ಎಂಜಿನ್ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕೇ ಹೊಗೆ ಟರ್ಬೊ ಸೇರುವ ಮುಂಚೆ, ಆ ಪೈಪಿನ ಮೇಲೆ, ವೇಸ್ಟ್‌ಗೇಟ್ ಅನ್ನುವ ಬೇರೆಯೇ ಒಂದು ವಾಲ್ವ್ ಕೂರಿಸುತ್ತಾರೆ. ಒಳಗಿನ ಸ್ಪ್ರಿಂಗು ಅದನ್ನು ಮುಚ್ಚಿ ಹಿಡಿದಿರುತ್ತದೆ. ಟರ್ಬೊ ಒತ್ತಿದ ಗಾಳಿಯ ಸುದ್ದಿಯನ್ನು ಪೆನ್ಸಿಲ್ ದಪ್ಪದ ಟ್ಯೂಬೊಂದು ವಾಲ್ವಿಗೆ ತರುತ್ತದೆ. ಆ ಒತ್ತಡ ಸ್ಪ್ರಿಂಗಿನ ಬಲ ಮೀರಿದ ಕೂಡಲೇ ವಾಲ್ವ್ ಏಳುತ್ತದೆ, ಹೆಚ್ಚಿನ ಹೊಗೆ ಚಕ್ರ ಮುಟ್ಟದೆ ಪಕ್ಕದಿಂದ ಆಚೆ ಹೋಗುತ್ತದೆ. ಇಷ್ಟೇ ವಿದ್ಯೆ.

ಮೇಸ್ತ್ರಿ ವಾಲ್ವನ್ನು ಮೇಜಿನ ಮೇಲೆ ಬಿಗಿದು, ಟ್ಯೂಬಿಗೆ ಪಂಪು ಸಿಕ್ಕಿಸಿ, ಮೀಟರ್ ನೋಡುತ್ತಾ ಗಾಳಿ ಹೊಡೆಯುತ್ತಿದ್ದರು. ಒಂಬತ್ತು ಪೌಂಡ್ ಒತ್ತಡಕ್ಕೆ ಏಳಬೇಕು ಅಂದರೆ ಒಂಬತ್ತಕ್ಕೇ. ಹತ್ತಕ್ಕೆ ಎದ್ದರೆ ಎಲ್ಲ ಬಿಚ್ಚಿ ಸ್ಪ್ರಿಂಗು ಬದಲಾಯಿಸಿ ಮತ್ತೆ ಮೊದಲಿಂದ. ಗಿರಾಕಿ ಗಡಿಯಾರ ನೋಡಿಕೊಂಡರೆ ಅವನಿಗೊಂದು ಟೀ ತರಿಸುತ್ತಿದ್ದರು, ಕೈ ಮಾತ್ರ ಅವಸರ ಮಾಡುತ್ತಿರಲಿಲ್ಲ.

"ಇದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ ತಂಬಿ. ಟ್ಯೂಬು ಏನು ಹೇಳ್ತದೋ ಅದನ್ನೇ ನಂಬ್ತದೆ," ಅನ್ನುತ್ತಿದ್ದರು.

ಕೆಲಸ ಮುಗಿದ ಮೇಲೆ ಅವರದೊಂದು ಪದ್ಧತಿ. ಕರೆಂಟ್ ಮೀಟರಿಗೆ ಹಾಕುತ್ತಾರಲ್ಲ, ಅಂಥ ಸೀಸದ ಸೀಲು. ಟ್ಯೂಬಿನ ಕ್ಲಿಪ್ಪಿಗೆ ತಂತಿ ಪೋಣಿಸಿ, ತುದಿಗೆ ಸೀಸದ ಗುಂಡಿ ಸಿಕ್ಕಿಸಿ, ಇಕ್ಕಳವನ್ನು ಗಾಡಿಯವನ ಕೈಗೆ ಕೊಡುತ್ತಿದ್ದರು. ಅವನೇ ಒತ್ತಬೇಕು. ಈ ಟ್ಯೂಬಿಗೆ ನಾನು ಕೈ ಹಾಕೋದಿಲ್ಲ ಅಂತ ಅವನು ಕೊಟ್ಟ ಮಾತು ಅದು. ಎಷ್ಟು ದೊಡ್ಡ ಮನುಷ್ಯನಾದರೂ ಬಿಡುತ್ತಿರಲಿಲ್ಲ. ಒತ್ತದವನಿಗೆ ಕೀ ಕೊಡುತ್ತಿರಲಿಲ್ಲ. ಜನ ನಗುತ್ತಿದ್ದರು, ಒತ್ತುತ್ತಿದ್ದರು. ಅವರ ಕೈಯಿಂದ ಹೋದ ಗಾಡಿ ಕೆಟ್ಟಿತು ಅನ್ನುವ ಮಾತು ಭದ್ರಾವತಿಯಿಂದ ಶಿವಮೊಗ್ಗದವರೆಗೆ ಒಬ್ಬರ ಬಾಯಲ್ಲೂ ಇರಲಿಲ್ಲ. ಆ ಶೆಡ್ಡಿಗೆ ಬೋರ್ಡೂ ಇರಲಿಲ್ಲ. ಇದ್ದದ್ದು ಆ ಹೆಸರೊಂದೇ.

ನನ್ನ ಹಳೇ ಕಾರಿಗೂ ಅವರೇ ಟರ್ಬೊ ಕೂರಿಸಿದರು. ನಾನೂ ಇಕ್ಕಳ ಒತ್ತಿದೆ.

ನಮ್ಮದೊಂದು ಕಾರು ಹುಚ್ಚಿನವರ ವಾಟ್ಸಾಪ್ ಗ್ರೂಪು. ಒಂದು ಭಾನುವಾರ ಬೆಳಿಗ್ಗೆ ಖಾಲಿ ಬಯಲಲ್ಲಿ ಮಣ್ಣಿನ ಟ್ರ್ಯಾಕ್ ಮಾಡಿ ರೇಸ್ ಇಟ್ಟುಕೊಂಡಿದ್ದರು. ನನ್ನ ವಿದ್ಯಾರ್ಥಿಗಳೂ ನೋಡಲು ಬಂದಿದ್ದರು. ಮೊದಲ ಓಟದಲ್ಲಿ, ಗಿಯರ್ ಹಾಕಲು ಸರಿಯಾಗಿ ಬಾರದ ಕಂಟ್ರಾಕ್ಟರ್ ಒಬ್ಬ ನನ್ನನ್ನು ಹಿಂದೆ ಹಾಕಿದ. ಹುಡುಗರು ಮುಖ ಮುಖ ನೋಡಿಕೊಂಡರು. ನನಗೆ ತಡೆಯಲಾಗಲಿಲ್ಲ. ಮರದಡಿ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಸೀಲಿನ ತಂತಿ ಕತ್ತರಿಸಿ, ಟ್ಯೂಬಿನೊಳಗೆ ಸೈಕಲ್ ಬೇರಿಂಗಿನ ಒಂದು ಉಕ್ಕಿನ ಬಾಲ್ಸ್ ತುರುಕಿದೆ. ಇನ್ನು ವಾಲ್ವಿಗೆ ಸುದ್ದಿಯೇ ಹೋಗುವುದಿಲ್ಲ, ಅದು ಏಳುವುದಿಲ್ಲ, ಗಾಳಿಗೆ ಲಗಾಮಿಲ್ಲ. ಹೀಗೆ ಮಾಡಿದರೆ ಏನಾಗುತ್ತದೆ ಅಂತ ಪ್ರತಿ ವರ್ಷ ಎರಡು ಮಾರ್ಕಿಗೆ ಪ್ರಶ್ನೆ ಕೊಡುವವನು ನಾನೇ. ಮುಂದಿನ ಓಟ ಎರಡೇ ಸುತ್ತು, ಏನೂ ಆಗಲ್ಲ ಅಂದುಕೊಂಡೆ.

ಒಂದೂವರೆ ಸುತ್ತು ಆಯಿತು. ಢಬ್ ಅಂತ ಶಬ್ದ, ಆಮೇಲೆ ಬಿಳೀ ಹೊಗೆ. ಪಿಸ್ಟನ್ ತೂತಾಗಿತ್ತು.

ಜನ ಓಡಿ ಬರುವಷ್ಟರಲ್ಲಿ ಬಾಲ್ಸ್ ತೆಗೆದು ಹುಲ್ಲಿಗೆ ಎಸೆದಿದ್ದೆ. ಆ ಚುರುಕುತನ ಎಲ್ಲಿಂದ ಬಂತೋ! ಏನಾಯ್ತು ಸಾರ್ ಅಂತ ಎಲ್ಲರೂ ಕೇಳಿದರು. ಹುಡುಗರೂ ಕೇಳಿದರು. ಹೇಳಿದೆ, ಸಾವಧಾನವಾಗಿ, ಪಾಠ ಮಾಡುವ ದನಿಯಲ್ಲಿ:

"ವೇಸ್ಟ್‌ಗೇಟ್ ಸ್ಪ್ರಿಂಗ್ ಸರಿ ಇರಲಿಲ್ಲ ಅನ್ಸುತ್ತೆ."

ಮಧ್ಯಾಹ್ನದ ಊಟದ ಹೊತ್ತಿಗೆ ಅದು ಗ್ರೂಪಿನಲ್ಲಿತ್ತು. ಲೆಕ್ಚರರ್ರೇ ಹೇಳಿದ್ದಾರೆ ಅನ್ನುವ ಮೊಹರಿನ ಸಮೇತ.

ಕಾರನ್ನು ಎಳೆದುಕೊಂಡು ಅವರ ಶೆಡ್ಡಿಗೇ ಹೋದೆ, ನಾಚಿಕೆಗೆಟ್ಟವನು. ಗ್ರೂಪಿನ ಸುದ್ದಿ ಅವರಿಗೂ ಮುಟ್ಟಿತ್ತು. ವಾಲ್ವ್ ಬಿಚ್ಚಿ, ಪಂಪು ಸಿಕ್ಕಿಸಿ ಗಾಳಿ ಹೊಡೆದರು. ಒಂಬತ್ತಕ್ಕೇ ಎದ್ದಿತು. ಆಮೇಲೆ ಟ್ಯೂಬನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸುತ್ತಾ ಬಂದರು. ಒಂದು ಕಡೆ ಬೆರಳು ನಿಂತಿತು. ಬಾಲ್ಸ್ ಕೂತಿದ್ದ ಜಾಗ ಇನ್ನೂ ಉಬ್ಬಿಕೊಂಡೇ ಇತ್ತು.

"ಸೀಲ್ ಯಾರು ಕಿತ್ತಿದ್ದು ತಂಬಿ?"

"ಗೊತ್ತಿಲ್ಲ ಮೇಸ್ತ್ರಿ. ಅಲ್ಲಾಡಿ ಬಿದ್ದಿರ್ಬೇಕು."

ಅವರು ನನ್ನ ಮುಖವನ್ನೇ ನೋಡಿದರು. ನಾನು ಅರ್ಧ ಹುಬ್ಬನ್ನು ನೋಡಿದೆ. ಟ್ಯೂಬನ್ನು ಜೇಬಿಗಿಳಿಸಿ, ಕಾರು ಹನ್ನೆರಡು ದಿನ ಹಿಡಿಯುತ್ತದೆ ಅಂದರು. ಆ ಟ್ಯೂಬು ಹಿಡಿದು ಗ್ರೂಪಿನ ಯಾರಿಗಾದರೂ ತೋರಿಸಿದ್ದರೆ ನನ್ನ ಮಾನ ಮೂರು ಕಾಸಿಗೆ ಹೋಗುತ್ತಿತ್ತು. ತೋರಿಸಲಿಲ್ಲ.

ಹನ್ನೆರಡನೇ ದಿನ ಹೋದಾಗ ಎಂಜಿನ್ ಹೊಸದರಂತೆ ಓಡುತ್ತಿತ್ತು. ಹೊಸ ಟ್ಯೂಬು, ಹೊಸ ಕ್ಲಿಪ್ಪು. ರೂಢಿಯಂತೆ ಇಕ್ಕಳಕ್ಕೆ ಕೈ ಚಾಚಿದೆ. ಅವರು ಅದನ್ನು ಎತ್ತಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು.

"ನಿಮ್ಮ ಗಾಡಿಗೆ ಬೇಡ ಸಾರ್."

ಸಾರ್ ಅಂದರು. ಬೈದಿದ್ದರೆ, ಕೆನ್ನೆಗೆ ಎರಡು ಬಿಟ್ಟಿದ್ದರೆ ಇವತ್ತು ಇಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಎಷ್ಟು ಸಲ ಹೋದರೂ ಸಾರ್, ಕೂತ್ಕೊಳ್ಳಿ ಸಾರ್, ಟೀ ತಗೊಳ್ಳಿ ಸಾರ್. ಹೋಗುವುದನ್ನೇ ಬಿಟ್ಟೆ.

ಗ್ರೂಪಿನವರೂ ಬಿಟ್ಟರು. ಟರ್ಬೊ ಕೆಲಸಕ್ಕೆ ಮಂಗಳೂರಿನ ಕಡೆ ಹೋಗತೊಡಗಿದರು. ಮೇಸ್ತ್ರಿ ಟ್ರಾಕ್ಟರಿನ ರೇಡಿಯೇಟರಿಗೆ ಬೆಸುಗೆ ಹಾಕುತ್ತಿದ್ದುದನ್ನು ಬಸ್ಸಿನ ಕಿಟಕಿಯಿಂದ ಎರಡು ಮೂರು ಸಲ ನೋಡಿದೆ. ಇಳಿಯಲಿಲ್ಲ.

ಕಳೆದ ವರ್ಷ ಎದೆನೋವಿನಿಂದ ತೀರಿಕೊಂಡರು. ತಿಳಿದದ್ದೂ ಅದೇ ಗ್ರೂಪಿನಿಂದ. ಅದೇ ಕಂಟ್ರಾಕ್ಟರ್ ಬರೆದಿದ್ದ: ಒಳ್ಳೇ ಕೆಲಸಗಾರ ಪಾಪ, ಕೊನೆಗೆ ಕೈ ಸ್ವಲ್ಪ ತಪ್ಪಿತ್ತು ಅಷ್ಟೆ. ನಾನು ನಿಜ ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಮಾಡಿದೆ, ಅಳಿಸಿದೆ. ಕೊನೆಗೆ ಎಲ್ಲರ ಹಾಗೆ ಎರಡು ಕೈ ಜೋಡಿಸಿದ ಚಿತ್ರ ಹಾಕಿ ಫೋನು ಕೆಳಗಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

ಕಾರು ಈಗಲೂ ರವೀಂದ್ರನಗರದ ನಮ್ಮ ಮನೆ ಮುಂದೆ ನಿಂತಿದೆ. ಬಾನೆಟ್ ಎತ್ತಿದರೆ ತಂತಿಯಿಲ್ಲದ ಆ ಕ್ಲಿಪ್ಪು ಕಾಣುತ್ತದೆ. ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿ ಹೇಳಿದರೆ ಅವರಿಗೆ ಕೇಳಿಸುವುದಿಲ್ಲ, ಗೊತ್ತು. ಸೀಲು ಕಿತ್ತವನು ನಾನು. ಸ್ಪ್ರಿಂಗು ಸರಿಯಾಗಿಯೇ ಇತ್ತು.