ರಾಶಿಯ ಮುಂದೆ ಉದ್ದನೆಯ ಉಸಿರು

ನನಗೆ ಬೆನ್ನುನೋವು ಯಾವಾಗ ಶುರುವಾಯಿತೆಂದು ಕೇಳಿದರೆ ಹೇಳಲು ಬರುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಲ್ಲಿ ಬೆನ್ನು ನೋಯದವಳನ್ನು ನಾನು ನೋಡಿಲ್ಲ. ನೆಲಕ್ಕೆ ಕುಳಿತು, ರಾಶಿಗೆ ಬಾಗಿ, ಬೆಳಗಿನಿಂದ ಹೊತ್ತು ಇಳಿಯುವ ತನಕ ಅದೇ ಕೆಲಸ. ನೋವು ಮೊದಲು ಸೊಂಟದಲ್ಲಿತ್ತು, ಆಮೇಲೆ ಹೆಗಲಿಗೆ ಏರಿತು, ಕೊನೆಗೆ ಇಲ್ಲೇ ಎಂದು ಬೆರಳಿಟ್ಟು ತೋರಿಸಲು ಆಗದಂತೆ ಮೈತುಂಬ ಹರಡಿತು.

ಗಂಡ ಸತ್ತ ಮೇಲೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೇನೆ. ಮಕ್ಕಳಾಗಲಿಲ್ಲ. ಮಾತು ಬೇಕೆಂದರೆ ರಾಶಿಯ ಹತ್ತಿರ ಹೋಗಬೇಕು. ಅಲ್ಲಿ ಮಾತಿಗೆ ಬರವಿಲ್ಲ.

ಗುಳಿಗೆ ನುಂಗಿ ನುಂಗಿ ಹೊಟ್ಟೆ ಉರಿಯತೊಡಗಿದಾಗ ರಾಣೇಬೆನ್ನೂರಿನ ಡಾಕ್ಟರರ ಹತ್ತಿರ ಹೋದೆ. ಅವರು ಎಲುಬಿನ ಫೋಟೋ ತೆಗೆಸಿ ನೋಡಿದರು, ಎದೆಯನ್ನೂ ಪರೀಕ್ಷೆ ಮಾಡಿಸಿದರು.

“ಎಲುಬು ವಯಸ್ಸಿಗೆ ತಕ್ಕಂಗ ಸವದಾವು ಯಮ್ಮಾ. ಎದ್ಯಾಗ ರೋಗ ಏನಿಲ್ಲ. ಆದ್ರ ಸುಮ್ನ ಕುಂತಾಗೂ ಅದು ಓಡೂದು ಬಿಡವಲ್ದು.”

“ಓಡಿ ಎಲ್ಲಿಗೆ ಹೋಗತೈತ್ರಿ ಸಾಹೇಬ್ರ? ಇಲ್ಲೇ ಐತೆಲ್ಲ.”

ಅವರು ನಗಲಿಲ್ಲ. ಹಾವೇರಿಯಲ್ಲಿ ಬಹಳ ವರ್ಷದ ನೋವಿನವರಿಗೆ ಉಸಿರಾಟ ಕಲಿಸುತ್ತಾರೆ, ಹೋಗು ಎಂದರು. ಉಸಿರಾಡುವುದನ್ನು ಕಲಿಯಲು ಹಾವೇರಿಯ ಬಸ್ಸು ಹತ್ತಬೇಕೇ ಎಂದು ಸಿಟ್ಟು ಬಂತು. ಆದರೂ ಹೋದೆ.

ಕಲಿಸುವಾಕೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಬೆರಳಿಗೆ ಚಿಮಟಿಗೆಯಂಥದ್ದೊಂದು ಸಿಕ್ಕಿಸಿ, ಎದೆಬಡಿತವನ್ನು ಪರದೆಯ ಮೇಲೆ ಗೆರೆ ಮಾಡಿ ತೋರಿಸಿದಳು. ಉಸಿರು ತೆಗೆದುಕೊಂಡಾಗ ಬಡಿತ ತುಸು ಜೋರಾಗಬೇಕಂತೆ, ಬಿಟ್ಟಾಗ ನಿಧಾನವಾಗಬೇಕಂತೆ. ಗೆರೆ ಏರಿ ಇಳಿಯಬೇಕು. ನೋವು ಉಂಡು ಉಂಡು ಹಳಬರಾದವರಲ್ಲಿ ಈ ಏರಿಳಿತ ಕಡಿಮೆಯಾಗಿರುವುದುಂಟು, ಮೈ ಸದಾ ಏಟಿಗೆ ಕಾದು ಕುಳಿತಂತೆ ಇರುತ್ತದೆ ಎಂದಳು. ನನ್ನ ಗೆರೆ ಕರ್ಜಗಿ ಕಡೆಯ ಎರೆಹೊಲದ ಹಾಗೆ ಸಪಾಟಾಗಿತ್ತು.

“ಅಜ್ಜಿ, ಹೊಟ್ಟಿ ಉಬ್ಬೂವಂಗ ಉಸಿರು ತಗೋರಿ ನೋಡೋಣು.”

ನಾನು ಮುಖವನ್ನು ಪಕ್ಕಕ್ಕೆ ತಿರುಗಿಸಿ, ಸೆರಗನ್ನು ಮೂಗಿಗೆ ಹಿಡಿದು, ಚಿಟಿಕೆಯಷ್ಟು ಉಸಿರು ಎಳೆದು ಒಳಗೇ ಹಿಡಿದೆ.

“ಮಾರಿ ಯಾಕ ಆಕಡೆ ಮಾಡಿದ್ರಿ?”

“ಉಸಿರು ತಗೋ ಅಂದ್ಯಲ್ಲ.”

“ಈಕಡೆ ನೋಡಕೋಂತ ತಗೋರಿ.”

“ರಾಶಿ ಕಡೆ ಮಾರಿ ಮಾಡಿ ಯಾರರ ಉಸಿರು ತಗೋತಾರೇನ?”

“ಇಲ್ಲೆಲ್ಲೈತ್ರಿ ಅಜ್ಜಿ ರಾಶಿ?”

ಮುಂದೆ ಬರೀ ಮೇಜಿತ್ತು. ರಾಶಿಯ ಹತ್ತಿರ ನಾವು ಹಾಗೇ ಮಾಡುವುದು. ಯಾರಾದರೂ ಚೀಲ ಸುರಿದರೆ, ಕಾಯಿ ಕೆದರಿದರೆ ಘಾಟು ಏಳುತ್ತದೆ. ಸಾಲಿನವರೆಲ್ಲ ಒಟ್ಟಿಗೆ ಗಾಳಿ ಬರುವ ಕಡೆ ಮುಖ ತಿರುಗಿಸಿ ಚೂರು ಉಸಿರು ಎಳೆದು, ಅದನ್ನು ಹಿಡಿದುಕೊಂಡು ಮತ್ತೆ ಕೆಲಸಕ್ಕೆ ಬಾಗುತ್ತೇವೆ. ಇದನ್ನು ಯಾರೂ ಕಲಿಸುವುದಿಲ್ಲ, ಹೊಸದಾಗಿ ಬಂದವಳು ಕೆಮ್ಮಿ ಕೆಮ್ಮಿ ತಾನೇ ಕಲಿಯುತ್ತಾಳೆ. ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ನಾನು ಹಾಗೇ ಉಸಿರಾಡುತ್ತೇನೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಮುಖ ನೆಟ್ಟಗಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟು, ಮೆಲ್ಲಗೆ ಎಳೆದುಕೊಳ್ಳಬೇಕು. ಎಳೆದದ್ದಕ್ಕಿಂತ ಉದ್ದವಾಗಿ, ಬಿಸಿ ಚಹಾ ಊದಿದಂತೆ ಬಿಡಬೇಕು. ಹಿಡಿದಿಡಬಾರದು, ತಲೆ ತಿರುಗಿದರೆ ನಿಲ್ಲಿಸಬೇಕು. ಅವಳು ಹೇಳಿದ್ದು ಇಷ್ಟೇ.

ನೋವು ಬರುವುದು ರಾಶಿಯ ಹತ್ತಿರ, ಆದ್ದರಿಂದ ಔಷಧವನ್ನೂ ಅಲ್ಲೇ ಕೊಡಬೇಕು ಎಂಬುದು ನನ್ನ ಲೆಕ್ಕ. ಮರುದಿನ ರಾಶಿಯ ಮುಂದೆ ಕುಳಿತು, ಮುಖ ನೆಟ್ಟಗೆ ಮಾಡಿ, ಉದ್ದಕ್ಕೆ ಉಸಿರೆಳೆದೆ. ಎದೆಯೊಳಗೆ ಬೆಂಕಿ ಬಿತ್ತು. ಕಣ್ಣು, ಮೂಗು ಎಲ್ಲ ಸುರಿಯಿತು. ನನ್ನ ಎಡಕ್ಕೆ ಕೂರುವವಳು ಕದರಮಂಡಲಗಿಯಿಂದ ದಿನಾ ಬಸ್ಸಿಗೆ ಬರುವವಳು, ನನಗಿಂತ ಚಿಕ್ಕವಳು. ಬೆನ್ನು ತಟ್ಟುತ್ತಾ ಕೇಳಿದಳು.

“ಯಕ್ಕಾ, ಏನ್ ಮಾಡಾಕ ಹೋದಿ?”

“ಉಸಿರಾಡಾಕ. ಹಾವೇರ್ಯಾಗ ಕಲಿಸ್ಯಾರ.”

“ಇಷ್ಟ ವರ್ಷ ಏನ್ ಮಾಡ್ತಿದ್ದಿಬೇ ಮತ್ತ?” ಎಂದು ಎದುರಿನವಳು ಕೂಗಿದಳು. “ಹಾವೇರಿಗೆ ಹೋಗಿ ಉಸಿರಾಡೂದು ಕಲತು ಬಂದಾಳ. ಇನ್ನ ಪುಣೆಕ್ಕ ಹೋಗಿ ನೀರು ಕುಡಿಯೂದು ಕಲೀತಾಳ!”

ಇಡೀ ಸಾಲು ನಕ್ಕಿತು. ಕೆಮ್ಮುತ್ತಲೇ ನಾನೂ ನಕ್ಕೆ.

ಇದನ್ನು ಹೇಳಿದಾಗ ಹಾವೇರಿಯ ಹುಡುಗಿ ಹಣೆಗೆ ಕೈ ಹಚ್ಚಿದಳು.

“ಅಲ್ಲಿ ಮಾಡಬ್ಯಾಡ್ರಿ ಅಜ್ಜಿ. ಖರೇ ಹೇಳಬೇಕಂದ್ರ ಅಲ್ಲಿ ಕುಂದ್ರೂದ ಬ್ಯಾಡ. ಕೆಲವು ದಿನ ಬಿಟ್ಟು ನೋಡ್ರಿ.”

ಬಿಟ್ಟು ಮನೆಯಲ್ಲಿ ಏನು ಮಾಡುತ್ತೀರಿ ಎಂದು ಅವಳು ಕೇಳಲಿಲ್ಲ. ಹೊಟ್ಟೆಗೆ ಪಿಂಚಣಿ, ರೇಷನ್ ಇವೆ, ಅದರ ಚಿಂತೆ ಇರಲಿಲ್ಲ. ಬಿಟ್ಟೆ.

ಸುಗ್ಗಿಯಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಮೆಣಸಿನಕಾಯಿಗೆ ಹೋಗುತ್ತಾರೆ. ಬಾಗಿಲುಗಳಿಗೆ ಬೀಗ. ನಾನೊಬ್ಬಳೇ ಹೊಸ್ತಿಲ ಹತ್ತಿರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂರುತ್ತಿದ್ದೆ. ಒಳಗೆ, ಹೊರಗೆ. ನನ್ನ ಉಸಿರು ನನಗೇ ಕೇಳುತ್ತಿತ್ತು. ಬೇರೆ ಏನೂ ಕೇಳುತ್ತಿರಲಿಲ್ಲ. ಒಂದು ದಿನ ಒಲೆಯ ಜೊತೆ ಜಗಳ ತೆಗೆದು, ನನಗೆ ನಾನೇ ಬೈದುಕೊಂಡೆ.

ಆದರೆ ಹಾವೇರಿಯ ಪರದೆಯ ಮೇಲೆ ಗೆರೆ ಏಳತೊಡಗಿತು. ಮೊದಲು ಸಣ್ಣ ಬದುವಿನಷ್ಟು, ಆಮೇಲೆ ಚೆನ್ನಾಗಿಯೇ ಏರಿ ಇಳಿಯಿತು. ಹುಡುಗಿ ಚಪ್ಪಾಳೆ ತಟ್ಟಿದಳು.

“ನೋವು ಹ್ಯಾಂಗೈತ್ರಿ ಅಜ್ಜಿ?”

“ಐತಿ. ಒದರೂದು ಬಿಟ್ಟೈತಿ, ಮೂಲ್ಯಾಗ ಕುಂತೈತಿ.”

ನಿದ್ದೆಯೂ ಬರತೊಡಗಿತು. ಇದು ಸುಳ್ಳಲ್ಲ. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಮಾತ್ರ ನಾನು ಹೇಳುವುದಿಲ್ಲ.

ಎದೆ ಸುಧಾರಿಸಿತಲ್ಲ, ಇನ್ನು ನಮ್ಮವರ ಜೊತೆ ಹೋಗಿ ಕೂರೋಣ ಎಂದು ಒಂದು ಬೆಳಿಗ್ಗೆ ಹೊರಟೆ. ಸುಗ್ಗಿಯಲ್ಲಿ ಸಾಲಿನಲ್ಲಿ ಜಾಗ ಸಿಗುವುದು ಕಷ್ಟ, ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಕದರಮಂಡಲಗಿಯವಳು ನನ್ನ ಜಾಗದಲ್ಲಿ ಗೋಣಿತಟ್ಟು ಮಡಚಿ ಹಾಸಿಟ್ಟಿದ್ದಳು.

“ಬಾ ಯಕ್ಕಾ. ದಿನಾ ಆ ಅಗಡಿ ಊರಾಕಿ ಕೂಡ ಜಗಳಾ ಮಾಡಿ ನಿನ್ನ ಜಾಗಾ ಉಳಿಸೇನಿ.”

ಕುಳಿತೆ. ಯಾರೋ ಚೀಲ ಸುರಿದರು. ಸಾಲಿನವರೆಲ್ಲ ಮುಖ ತಿರುಗಿಸಿದರು. ನನಗೆ ಮಾತ್ರ ತಡವಾಯಿತು. ಹೊಟ್ಟೆಯಿಂದ ಉದ್ದನೆಯ ಉಸಿರು ತಾನಾಗಿಯೇ ಬಂತು. ಘಾಟು ತಳದ ತನಕ ಇಳಿಯಿತು. ಊರು ನೋಡಲು ಬಂದ ಹೊರಗಿನವರು ಕೆಮ್ಮುವ ಹಾಗೆ ಕೆಮ್ಮಿದೆ, ವಾಂತಿ ಬರುವ ತನಕ.

ಈ ಸಲ ಯಾರೂ ನಗಲಿಲ್ಲ.

ಕದರಮಂಡಲಗಿಯವಳು ನನ್ನನ್ನು ಹೊರಗೆ ಕರೆತಂದು ನೀರು ಕುಡಿಸಿದಳು.

“ಕೆಲವು ದಿನ ಕುಂತ್ರ ಮತ್ತ ರೂಢಿ ಆಗತೈತಿ ಬಾ ಯಕ್ಕಾ.”

“ಆಗತೈತಿ. ಎದೀನೂ ಮತ್ತ ಓಡಾಕ ಹತ್ತತೈತಿ.”

“ಹಂಗಾರ?”

“ಗೋಣಿತಟ್ಟು ತಗಿ. ಅಗಡಿಯಾಕಿಗೆ ಕೊಡು ಜಾಗಾ.”

“ಆಕಿ ಬಾಯಿ ಗೊತ್ತಿಲ್ಲೇನ ನಿನಗ? ಇಡೀ ದಿನ ಗಂಡನ್ನ ಬೈತಾಳ.”

“ಬೈಲಿ. ನಿನಗ ಹೊತ್ತು ಹೋಗತೈತಿ.”

ಅವಳು ಒಳಗೆ ಹೋದಳು. ನಾನು ಗೇಟಿನ ಹತ್ತಿರ ನಿಂತೆ. ಅವಳು ಗೋಣಿತಟ್ಟನ್ನು ಜಾಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಅಗಡಿಯವಳು ಬಂದು ಕುಳಿತಳು, ಕುಳಿತವಳೇ ಶುರು ಹಚ್ಚಿಕೊಂಡಳು. ಅಷ್ಟು ದೂರದಿಂದ ಬಾಯಿ ಆಡುವುದು ಕಂಡಿತು, ಮಾತು ಕೇಳಿಸಲಿಲ್ಲ.