ಬಿಸಿಲಿಗೆ ತಿರುಗುವ ಗೋಡೆ

ಜಯನಗರ ನಾಲ್ಕನೇ ಬ್ಲಾಕಿನ ಆರ್ಕಿಟೆಕ್ಟ್ ಆಫೀಸೊಂದರಲ್ಲಿ ವಾರಿಜಾ ಹದಿನೈದು ವರ್ಷದಿಂದ ನಕ್ಷೆ ಬರೆಯುತ್ತಿದ್ದರು. ಟ್ರೇಸಿಂಗ್ ಹಾಳೆಯ ಮೇಲಿನ ತಪ್ಪು ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದ ಕಾಲದಲ್ಲಿ ಸೇರಿದವರು. ಮೂವತ್ತೈದು ದಾಟಿದ ಮೇಲೆ ಕಂಪ್ಯೂಟರಿನಲ್ಲಿ ಬರೆಯುವುದನ್ನು ಕಲಿತರು. ಕೋಣನಕುಂಟೆಯಿಂದ ಬಸ್ಸಿನಲ್ಲಿ ಬಂದು ಮೇಜಿನ ಮುಂದೆ ಕೂತರೆ, ಊಟದ ಡಬ್ಬಿ ತೆರೆಯುವವರೆಗೆ ಅವರ ದನಿ ಯಾರಿಗೂ ಕೇಳಿಸುತ್ತಿರಲಿಲ್ಲ. ಆಫೀಸು ನಡೆಸುತ್ತಿದ್ದ ಚೈತನ್ಯ ಅವರಿಗಿಂತ ಎಂಟು ವರ್ಷ ಚಿಕ್ಕವರು.

೨೦೦೩ರ ಜನವರಿಯಲ್ಲಿ ಕಮಲಾದೇವಿ ಎಂಬ ಫಿಸಿಯೋಥೆರಪಿಸ್ಟ್ ಆಫೀಸಿಗೆ ಬಂದರು. ಪಾರ್ಶ್ವವಾಯು ಬಡಿದವರಿಗೆ ವ್ಯಾಯಾಮ ಮಾಡಿಸಲು ಕುಮಾರಸ್ವಾಮಿ ಲೇಔಟಿನ ತಮ್ಮ ಸೈಟಿನಲ್ಲಿ ಒಂದು ಹಾಲ್ ಕಟ್ಟಿಸಬೇಕಿತ್ತು. ಮೂರು ಕಡೆ ಮನೆಗಳು ಒತ್ತಿಕೊಂಡಿದ್ದವು, ಬೆಳಕು ಬರುವುದು ಪಶ್ಚಿಮದಿಂದ ಮಾತ್ರ. ಆಗ ಅವರು ಬಾಡಿಗೆಗಿದ್ದ ಜಾಗದಲ್ಲೂ ಅದೇ ಕಷ್ಟ. ಪರದೆ ಎಳೆದರೆ ಕತ್ತಲೆ, ಬಿಟ್ಟರೆ ಮಲಗಿದವರ ಕಣ್ಣಿಗೆ ನೇರ ಬಿಸಿಲು. ಕೆಲವರಿಗೆ ಮುಖ ತಿರುಗಿಸುವುದಕ್ಕೂ ಆಗುವುದಿಲ್ಲ ಎಂದರು.

ಚೈತನ್ಯ ಅವರಿಗೆ ಅಂದೇ ಒಂದು ಯೋಚನೆ ಹೊಳೆಯಿತು. ಪಶ್ಚಿಮಕ್ಕೆ ಗಾಜಿನ ಮುಂದೆ ಏಳು ದೊಡ್ಡ ಅಲ್ಯೂಮಿನಿಯಂ ರೆಕ್ಕೆಗಳು. ಒಂದೊಂದೂ ಬಾಗಿಲಿನಷ್ಟು ಅಗಲ, ಮೈತುಂಬ ಸಣ್ಣ ತೂತು. ಸೂರ್ಯ ಇಳಿದು ಬಿಸಿಲು ಸೆನ್ಸರಿಗೆ ತಾಗಿದರೆ ಏಳೂ ತಾವಾಗಿಯೇ ತಿರುಗಿ ಮುಚ್ಚಬೇಕು, ಮೋಡ ಬಂದರೆ ತೆರೆಯಬೇಕು. ವಾರಿಜಾ ನಾಲ್ಕು ಮಧ್ಯಾಹ್ನ ಖಾಲಿ ಸೈಟಿನಲ್ಲಿ ಕೋಲು ನೆಟ್ಟು, ಕಾಲು ಗಂಟೆಗೊಮ್ಮೆ ನೆರಳಿನ ತುದಿಗೆ ಗುರುತು ಹಾಕಿದರು. ಹದಿನೈದು ವರ್ಷದಲ್ಲಿ ಯಾವ ಕೆಲಸವೂ ಅವರಿಗೆ ಇಷ್ಟು ಹಿಡಿಸಿರಲಿಲ್ಲ.

ಫೆಬ್ರವರಿ ಕೊನೆಗೆ ನಕ್ಷೆ ಮುಗಿಯುತ್ತ ಬಂದಾಗ ಅವರ ಕಣ್ಣು ನಾಲ್ಕನೇ ರೆಕ್ಕೆಯ ಮೇಲೆ ನಿಂತಿತು. ಅದರ ಹಿಂದೆಯೇ ಇಳಿಜಾರಿಗೆ ತೆರೆಯುವ ಬಾಗಿಲು. ಇನ್ನೊಂದು ಬಾಗಿಲಿಗೆ ಮೂರು ಮೆಟ್ಟಿಲಿದ್ದವು; ವೀಲ್‌ಚೇರಿನವರಿಗೆ ಇದೊಂದೇ ದಾರಿ. ರೆಕ್ಕೆ ಮುಚ್ಚಿರುವಾಗ ಕರೆಂಟ್ ಹೋದರೆ? ಈ ಒಂದು ರೆಕ್ಕೆ ಬಿಡೋಣವೇ ಎಂದು ಚೈತನ್ಯ ಅವರನ್ನು ಕೇಳಿದರು.

ಚೈತನ್ಯ ತಲೆ ಎತ್ತದೆ ಹೇಳಿದರು: "ಯುಪಿಎಸ್ ಇರತ್ತೆ ಬಿಡಿ ಮೇಡಂ. ಅದೊಂದನ್ನ ತೆಗೆದ್ರೆ ಇಡೀ ಮುಂಭಾಗ ಹಲ್ಲುದುರಿದ ಹಾಗೆ ಕಾಣತ್ತೆ."

ವಾರಿಜಾ ಎರಡು ಸಲ ಕೇಳಿದರು. ಎರಡನೇ ಸಲ ಚೈತನ್ಯ ರೇಗಿದರು. ಅಂದು ಸಂಜೆ ಪ್ರಿಂಟ್ ತೆಗೆದ ನಕ್ಷೆಯ ಮೂಲೆಯಲ್ಲಿ, ಬರೆದವರ ಸಹಿಯ ಜಾಗ ಖಾಲಿಯೇ ಉಳಿಯಿತು. ಚೈತನ್ಯ ಅದನ್ನು ನೋಡಿದರು. ಆ ವಾರವೆಲ್ಲ ಇಬ್ಬರ ನಡುವೆ ಕೆಲಸದ ಚೀಟಿಗಳು ಮಾತ್ರ ಓಡಾಡಿದವು.

ಮಾರ್ಚಿನ ಮೊದಲ ಶನಿವಾರ ಜರಗನಹಳ್ಳಿಯಲ್ಲಿ ಪರೀಕ್ಷೆ ಇತ್ತು. ಗದಗಿನ ಕಡೆಯಿಂದ ಬಂದು ಅಲ್ಲಿ ಗ್ರಿಲ್, ಶಟರ್ ಕೆಲಸದ ಶೆಡ್ಡು ಹಾಕಿಕೊಂಡಿದ್ದ ಸಿದ್ದಾರೂಢ ಒಂದು ರೆಕ್ಕೆಯನ್ನು ಪೂರಾ ಅಳತೆಯಲ್ಲಿ ಮಾಡಿ, ಹಿಂದೆ ಆ ಕಡೆಯಿಂದ ಮಾತ್ರ ದಾರಿಯಿರುವ ಪ್ಲೈವುಡ್ಡಿನ ಪುಟ್ಟ ಕೋಣೆ ನಿಲ್ಲಿಸಿದ್ದರು. ಚೈತನ್ಯ ಅವರೂ ಕಮಲಾದೇವಿಯವರೂ ನೋಡಲು ಬಂದಿದ್ದರು. ವಾರಿಜಾ ಕಮಲಾದೇವಿಯವರಿಂದ ಒಂದು ವೀಲ್‌ಚೇರ್ ತರಿಸಿಕೊಂಡು ಅದರಲ್ಲಿ ಕೂತು ಕೋಣೆಯೊಳಗೆ ಹೋದರು. ಒಳಗಿನಿಂದ ಬೆಳಕು ಹೇಗೆ ಕಾಣುತ್ತದೆ ನೋಡಬೇಕು ಎಂದಷ್ಟೇ ಹೇಳಿದ್ದರು.

ನಾಲ್ಕು ಗಂಟೆಗೆ ಬಿಸಿಲು ಸೆನ್ಸರಿಗೆ ಬಿತ್ತು. ರೆಕ್ಕೆ ನಿಧಾನವಾಗಿ ತಿರುಗಿ ಮುಚ್ಚಿಕೊಂಡಿತು. ಕಮಲಾದೇವಿ ಮೆಚ್ಚಿ ತಲೆದೂಗಿದರು. ಅಷ್ಟರಲ್ಲಿ ವಾರಿಜಾ ಮೊದಲೇ ಹೇಳಿಟ್ಟಿದ್ದಂತೆ ಸಿದ್ದಾರೂಢ ಮೇನ್ ಸ್ವಿಚ್ ಇಳಿಸಿದರು.

ವಾರಿಜಾ ಒಳಗಿನಿಂದ ಎರಡೂ ಕೈಯಲ್ಲಿ ತಳ್ಳಿದರು. ರೆಕ್ಕೆ ಕದಲಲಿಲ್ಲ. ತೋರಿಸಬೇಕಾದದ್ದು ಇಷ್ಟೇ ಆಗಿತ್ತು. ಸ್ವಿಚ್ ಹಾಕಿ ಎಂದು ಕೂಗಿದರು. ಸಿದ್ದಾರೂಢ ಹಾಕಿದರು. ಮೋಟರು ಒಮ್ಮೆ ಗುಂಯ್‌ಗುಟ್ಟಿ ಸುಮ್ಮನಾಯಿತು. ಕಂಟ್ರೋಲ್ ಪೆಟ್ಟಿಗೆಯಿಂದ ಸುಟ್ಟ ವಾಸನೆ ಬಂತು.

"ಗೇರ್‌ಬಾಕ್ಸ್ ಹಿಂದಕ್ಕ ತಿರಗಂಗಿಲ್ರಿ ಸರ್," ಎಂದರು ಸಿದ್ದಾರೂಢ. "ಬೋಲ್ಟ್ ಬಿಚ್ಚಬೇಕು."

ಬೋಲ್ಟಿನ ಮೇಲೊಂದು ತಗಡಿನ ಮುಚ್ಚಳ, ಅದಕ್ಕೆ ಆರು ಸ್ಕ್ರೂ. ನಾಲ್ಕು ಬಂದವು. ಐದನೆಯದು ಜಾರಿತು. ಕೋಣೆಯೊಳಗೆ ಗಾಳಿಯಿರಲಿಲ್ಲ. ಅಲ್ಯೂಮಿನಿಯಂ ಮುಟ್ಟಲಾಗದಷ್ಟು ಕಾದಿತ್ತು. ವಾರಿಜಾ ಸೆರಗಿನಿಂದ ಮುಖ ಒರೆಸಿಕೊಂಡರು. ಎದ್ದು ನಿಂತು ಪ್ಲೈವುಡ್ಡನ್ನು ಒದೆಯಬಹುದಿತ್ತು. ಆ ಹಾಲಿಗೆ ಬರುವವರು ಏಳಲಾರರು, ಒದೆಯಲಾರರು ಎಂದುಕೊಂಡು ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕೂತರು.

ಚೈತನ್ಯ ನೆಲದ ಮೇಲೆ ಮಲಗಿ ಉಳಿಯಿಂದ ತಗಡು ಎಬ್ಬುತ್ತಿದ್ದರು. ಅವರ ಅಂಗೈ ಸೀಳಿತ್ತು. "ಮೇಡಂ, ಮಾತಾಡ್ತಾ ಇರಿ. ಏನಾದ್ರೂ ಮಾತಾಡಿ."

"ಎಷ್ಟು ನಿಮಿಷ ಆಯ್ತು ನೋಡ್ಕೊಳ್ಳಿ ಸಾರ್," ಎಂದರು ವಾರಿಜಾ.

ತಗಡು ಕಿತ್ತು ಬೋಲ್ಟ್ ಬಿಚ್ಚುವ ಹೊತ್ತಿಗೆ ಹದಿನಾಲ್ಕು ನಿಮಿಷ ಆಗಿತ್ತು. ಹೊರಗೆ ಬಂದಾಗ ಅವರ ಸೀರೆ ಬೆವರಿಗೆ ಮೈಗಂಟಿತ್ತು. ಕಮಲಾದೇವಿ ನೀರು ಕುಡಿಸಿ, ನಾಡಿ ಹಿಡಿದು ನೋಡಿದರು. ಆಮೇಲೆ ಚೈತನ್ಯ ಅವರ ಕಡೆ ತಿರುಗಿ, ಈ ಗೋಡೆ ತನಗೆ ಬೇಡವೇ ಬೇಡ, ಮಾಮೂಲಿ ಕಿಟಕಿ ಇಟ್ಟುಕೊಡಿ ಎಂದರು. ಚೈತನ್ಯ ಉಳಿಯನ್ನು ಕೆಳಗಿಟ್ಟರು. ಅಂಗೈಯಿಂದ ರಕ್ತ ಸೋರುತ್ತಿತ್ತು.

ಬಿಟ್ಟುಕೊಡಲಾಗದೆ ಹೋದದ್ದು ವಾರಿಜಾಗೇ. "ಗೋಡೆ ಬೇಕು ಮೇಡಂ," ಎಂದರು. "ಬಿಸಿಲಲ್ಲಿ ಮಲಗೋರಿಗೆ ಅದು ಬೇಕು. ಇದಕ್ಕೊಂದು ಹಿಡಿ ಇಡೋಣ. ಕೂತವರ ಕೈಗೆ ಎಟುಕೋ ಹಾಗೆ."

ಕಮಲಾದೇವಿ ತಾವೇ ವೀಲ್‌ಚೇರಿನಲ್ಲಿ ಕೂತು ಕೈ ಚಾಚಿ ನೋಡಿದರು. ಒಬ್ಬರಿಗೆ ಎಡಗೈ ಬಿದ್ದಿರುತ್ತದೆ, ಇನ್ನೊಬ್ಬರಿಗೆ ಬಲಗೈ, ಹಾಗಾಗಿ ಬಾಗಿಲಿನ ಎರಡೂ ಪಕ್ಕ ಇರಬೇಕು ಎಂದರು. ಸಿದ್ದಾರೂಢ ಮೂರು ವಾರ ಅದರ ಹಿಂದೆ ಬಿದ್ದು, ಎಳೆದರೆ ನಾಲ್ಕನೇ ರೆಕ್ಕೆ ಮಾತ್ರ ಮೋಟರಿನಿಂದ ಕಳಚಿಕೊಳ್ಳುವಂತೆ ಮಾಡಿದರು. ಚೈತನ್ಯ ಆ ಮೂರು ವಾರವೂ ಬಿಗುವಾಗಿಯೇ ಇದ್ದರು. ಹೊಸ ನಕ್ಷೆ ಸಿದ್ಧವಾದ ದಿನ ಮಾತ್ರ ತಾವೇ ಹಾಳೆ ತಂದು ವಾರಿಜಾರ ಮೇಜಿನ ಮೇಲಿಟ್ಟು, ಪೆನ್ನಿನ ಕ್ಯಾಪ್ ತೆಗೆದು ಕೊಟ್ಟರು. ಅವರು ಸಹಿ ಹಾಕಿದರು.

ಹಾಲ್ ತೆರೆದದ್ದು ಮರುವರ್ಷ. ಮೊದಲ ಬೇಸಿಗೆಯಲ್ಲೇ ಒಂದು ಸಂಜೆ ರೆಕ್ಕೆಗಳು ಮುಚ್ಚಿದ್ದಾಗ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ನಿವೃತ್ತ ಬಸ್ ಡ್ರೈವರ್ ಸಂಜೀವಯ್ಯನವರ ಬಲಭಾಗ ಬಿದ್ದಿತ್ತು. ಅವರು ಯಾರನ್ನೂ ಕರೆಯದೆ ಎಡಗೈ, ಎಡಗಾಲುಗಳಿಂದಲೇ ಕುರ್ಚಿ ಉರುಳಿಸಿಕೊಂಡು ಬಾಗಿಲಿಗೆ ಬಂದು, ಹಿಡಿ ಎಳೆದು, ಇಳಿಜಾರಿನಲ್ಲಿ ತಾವಾಗಿಯೇ ಹೊರಗೆ ಹೋದರು. ಪಾರ್ಶ್ವವಾಯು ಬಡಿದ ನಾಲ್ಕು ತಿಂಗಳಲ್ಲಿ ಅವರು ಯಾರ ಸಹಾಯವೂ ಇಲ್ಲದೆ ಬಾಗಿಲು ದಾಟಿದ್ದು ಅದೇ ಮೊದಲು ಎಂದು ಕಮಲಾದೇವಿ ಆಫೀಸಿಗೆ ಫೋನ್ ಮಾಡಿ ಹೇಳಿದರು.