ಸಿಯರ್ ಅಂದ್ರ ಸೀರಿ ಅಲ್ಲ

ಹಾನಗಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಲೇ ನನ್ನ ತಲೆ ಬೆಳ್ಳಗಾಯಿತು. ಮಕ್ಕಳು ಡಿಕ್ಷನರಿಯಲ್ಲಿ ಮೊದಲು ಕಂಡ ಅರ್ಥವನ್ನಷ್ಟೇ ಬರೆದುಕೊಂಡು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. "ಶಬ್ದಕ್ಕ ಒಂದ ಅರ್ಥ ಇರ್ತೈತೇನು? ಕೆಳಗಿಂದು ಓದಾಕ ಕಣ್ಣು ನೋಯ್ತಾವೇನು?" ಎಂದು ಬೈಯುತ್ತೇನೆ. ಹಿಂದಿನಿಂದ ನನಗೆ ಏನೇನು ಹೆಸರಿಟ್ಟಿದ್ದಾರೋ ಆ ಶಿವನೇ ಬಲ್ಲ. ಇಂಥ ನನಗೂ ಒಂದು ಇಂಗ್ಲಿಷ್ ಶಬ್ದದ ಅರ್ಥ ಹೇಳುವುದು ದೊಡ್ಡ ಫಜೀತಿಯಾಯಿತು. ಕೇಳಿದವಳು ನನ್ನ ಅಕ್ಕ.

ನಮ್ಮ ತವರು ಹಿರೇಕೆರೂರು ಕಡೆ. ಮನೆಯಲ್ಲಿ ಶಾಲೆಗೆ ಹೋದವಳು ನಾನೊಬ್ಬಳೇ; ಅಕ್ಕನಿಗೆ ಓದು ಬರಹ ಬಾರದು. ಆಕೆಯನ್ನು ಸವಣೂರಿನಲ್ಲಿ ವೀಳ್ಯದೆಲೆ ತೋಟವಿದ್ದ ಮನೆಗೆ ಕೊಟ್ಟರು. ಬೆಳಗ್ಗೆ ಎಲೆ ಆರಿಸಿ, ಒಂದರ ಮೇಲೊಂದು ಜೋಡಿಸಿ ಕವಳಿ ಕಟ್ಟಲು ಕೂತರೆ ಫೋನನ್ನು ಗೋಡೆಗೆ ಆನಿಸಿಟ್ಟು ನನಗೆ ಹಚ್ಚುತ್ತಿದ್ದಳು. ಕೈ ಎಲೆಯ ಮೇಲೆ, ಬಾಯಿ ನನ್ನ ಮೇಲೆ.

"ನಿನ್ನಿ ರಾತ್ರಿ ಏನ ಮಾಡಿದ್ದಿ? ಬರೇ ಅನ್ನ ಸಾರು? ಅಯ್ಯ ನಿನ್ನ! ನಿನ್ನ ಗಂಡ ಪಾಪ, ದೇವರಂಥಾಂವ, ಸುಮ್ಮನ ಉಣ್ತಾನ. ನಮ್ಮನ್ಯಾಂವ ಆಗಿದ್ರ ತಾಟು ಅಂಗಳದಾಗ ಇರ್ತಿತ್ತು ನೋಡು."

ಬಾಯಿಗೆ ಬೀಗವೇ ಇರಲಿಲ್ಲ. ನನಗೆ ಶಾಲೆಗೆ ಹೊತ್ತಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು, ಆದರೂ ಫೋನು ಇಡಲು ಮನಸ್ಸಾಗುತ್ತಿರಲಿಲ್ಲ. ಆಕೆಯ ಮಾತು ಕೇಳದೆ ನನಗೆ ಬೆಳಗಾದಂತೆಯೇ ಅನ್ನಿಸುತ್ತಿರಲಿಲ್ಲ.

ಒಂದು ದಿನ ನಾಲಗೆಯ ಅಂಚಿಗೆ ಬಿಳಿ ಕಲೆಯಾಗಿದೆ, ಖಾರ ತಾಗಿದರೆ ಉರಿಯುತ್ತದೆ ಎಂದಳು. ಎಲೆ ಅಡಿಕೆಯ ಜೊತೆ ತಂಬಾಕು ಹಾಕುವ ರೂಢಿ ಆಕೆಗೆ ಬಹಳ ಹಳೆಯದು.

"ಸುಣ್ಣ ಹೆಚ್ಚಾಗಿ ಸುಟ್ಟೈತಿ ಬಿಡು. ತುಪ್ಪ ಹಚ್ಚಾಕತ್ತೇನಿ."

ಸವಣೂರಿನಲ್ಲಿ ಯಾರ ನಾಲಗೆ ಉರಿದರೂ ಸುಣ್ಣದ ಮೇಲೆಯೇ ತಪ್ಪು ಹೊರಿಸುತ್ತಾರೆ. ತುಪ್ಪ ಹಚ್ಚಿ ಹಚ್ಚಿ ಒಂದು ಮಳೆಗಾಲ ಕಳೆಯಿತು. ಕಲೆ ಹೋಗಲಿಲ್ಲ. ನಾನು ಬಾಯಿಗೆ ಬಂದಂತೆ ಬೈದು ಹುಬ್ಬಳ್ಳಿಗೆ ಹೊರಡಿಸಿದೆ. ಆಕೆ ಸವಣೂರಿನಿಂದ, ನಾನು ಹಾನಗಲ್ಲಿನಿಂದ ಬಂದು ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ ಕೂಡಿಕೊಂಡೆವು. ತಡಸ ಕ್ರಾಸ್ ದಾಟಿ ಹುಬ್ಬಳ್ಳಿ ಬರುವವರೆಗೂ ಆಕೆಯ ಬಾಯಿ ಒಂದು ಗಳಿಗೆ ಸುಮ್ಮನಿರಲಿಲ್ಲ.

ಡಾಕ್ಟರು ಬಾಯಿ ತೆರೆಸಿ ನೋಡಿದರು. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಮುಂದಿನ ಸಲ ಹೋದಾಗ, "ಗಾಬರಿ ಆಗಬ್ಯಾಡ್ರಿ, ಸದ್ಯಕ್ಕ ಅಷ್ಟು ಜಾಗಾ ಸಿಯರ್ ಮಾಡ್ತೇವಿ" ಎಂದರು. ಹೊರಗೆ ಬಂದದ್ದೇ ತಡ ಅಕ್ಕ ನನ್ನ ತೋಳು ತಿವಿದಳು.

"ಯಾವ ಸೀರಿ ಅಂದ್ರವಾ ಅವರು? ನಾಲಿಗಿಗೆ ಸೀರಿ ಉಡಸ್ತಾರೇನು?"

ನನಗೆ ನಗು ತಡೆಯಲಾಗಲಿಲ್ಲ. ಆಕೆಯೂ ನಕ್ಕಳು. ಬೆಂಚಿನ ಮೇಲಿದ್ದವರೆಲ್ಲ ನಮ್ಮನ್ನೇ ನೋಡಿದರು.

"ಸೀರಿ ಅಲ್ಲಕ್ಕಾ, ಸಿಯರ್."

"ಅಂದ್ರೇನು?"

ನಿನ್ನ ನಾಲಗೆ ಸುಡುತ್ತಾರೆ ಎಂದು ನೇರವಾಗಿ ಹೇಳಲು ನನಗೆ ಬಾಯಿ ಬರಲಿಲ್ಲ. ಹಾಗಾಗಿ ಪಾಠ ಶುರು ಮಾಡಿದೆ. ಅದು ಬಹಳ ಹಳೆಯ ಶಬ್ದ, ಮೊದಲು ಒಣಗುವುದು, ಬಾಡುವುದು ಎಂಬ ಅರ್ಥವಷ್ಟೇ ಇತ್ತು, ಕಾದ ಕಬ್ಬಿಣದಿಂದ ಸುಡುವುದು ಎಂಬ ಅರ್ಥ ಬಂದದ್ದು ಆಮೇಲೆ ಎಂದೆ. ಆಕೆ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು. ಆಗ ನಮ್ಮದೇ ಒಂದು ಮಾತು ನೆನಪಾಯಿತು. ಬೆಂಕಿ ತಾಗಿದ ಕೂದಲಿಗೂ ಬಿಸಿಲಿಗೆ ಬಾಡಿದ ಮೊಗ್ಗಿಗೂ ನಾವು ಕಮರಿತು ಎಂದೇ ಅನ್ನುತ್ತೇವೆ. ಇದಕ್ಕಿಂತ ಸರಿಯಾದ ಅನುವಾದ ಎಲ್ಲಿ ಸಿಗುತ್ತದೆ? ನನ್ನ ಜಾಣತನಕ್ಕೆ ನಾನೇ ಹಿಗ್ಗಿ, "ಕಮರಸ್ತಾರ ಅಕ್ಕಾ, ಅಷ್ಟ" ಎಂದುಬಿಟ್ಟೆ.

ಆಕೆಯ ಮುಖದ ಮೇಲಿನ ನಗು ಹೋಯಿತು.

"ಕಮರಿದ ಎಲಿ ನಾವು ಇಟ್ಕೋತೇವೇನು? ಕಿತ್ತ ಒಗಿತೇವಿ. ಖರೇ ಹೇಳು, ನನ್ನ ಮಾತು ಉಳಿತೈತಿಲ್ಲೋ?"

"ಹುಚ್ಚಿ ಅದೀಯೇನು? ಉಳಿತೈತಿ."

ನಾನೂ ಅದನ್ನು ನಂಬಿದ್ದೆ.

ಸುಟ್ಟರು. ಗಾಯ ಮಾಯ್ದಿತು. ಮತ್ತೆ ಬೆಳಗಿನ ಫೋನು ಬರತೊಡಗಿತು. ಮಾತು ಸ್ವಲ್ಪ ತೊದಲಿದರೂ ಬೈಗುಳದ ರುಚಿ ಕೆಟ್ಟಿರಲಿಲ್ಲ. ಬೇಸಿಗೆ ಬರುವ ಹೊತ್ತಿಗೆ ಕೊರಳಲ್ಲಿ ಗಂಟು ಕಾಣಿಸಿಕೊಂಡಿತು. ಕ್ಯಾನ್ಸರು ನಾಲಗೆಯಲ್ಲೂ ಆಳಕ್ಕೆ ಇಳಿದಿದೆ, ಕೊಯ್ದು ತೆಗೆಯುವಂತಿಲ್ಲ ಎಂದರು ಡಾಕ್ಟರು. ಆಮೇಲೆ ಕರೆಂಟು ಕೊಡಿಸಿದೆವು. ನಮ್ಮ ಕಡೆ ರೇಡಿಯೇಶನ್ ಚಿಕಿತ್ಸೆಗೆ ಕರೆಂಟು ಎಂದೇ ಹೆಸರು. ಕೊರಳಿನ ಚರ್ಮ ಕಪ್ಪಾಗಿ ಸುಲಿಯಿತು, ಬಾಯಲ್ಲಿ ಜೊಲ್ಲು ಆರಿತು, ಗಂಜಿ ಕೂಡ ಇಳಿಯದಾಯಿತು. ದನಿ ದಿನದಿನಕ್ಕೆ ಬಾಡಿತು. ಇಂಗ್ಲಿಷಿನವರಿಗೆ ಬಾಡುವುದು ಮೊದಲು, ಸುಡುವುದು ಆಮೇಲೆ. ನನ್ನ ಅಕ್ಕನಿಗೆ ಸುಟ್ಟದ್ದು ಮೊದಲಾಯಿತು. ಆ ಡಿಕ್ಷನರಿಯನ್ನು ಒಯ್ದು ಒಲೆಗೆ ಹಾಕಬೇಕು ಅನ್ನಿಸುತ್ತಿತ್ತು. ಅದೇ ಶಬ್ದಕ್ಕೆ ಅಲ್ಲಿ ಇನ್ನೂ ಒಂದು ಅರ್ಥವಿದೆ: ಮನಸ್ಸು ಜಡ್ಡುಗಟ್ಟಿ ಏನೂ ತಾಗದಂತಾಗುವುದು. ಅದೊಂದಾದರೂ ನನಗೆ ಆಗಬಾರದೇ!

ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿರಿ ಎಂದರು. ಬೆಳಗಿನ ಫೋನು ನಿಂತಿತು. ನಾನು ಹಚ್ಚಿದರೆ ಅಕ್ಕನ ಸೊಸೆ ಎತ್ತಿ, "ಹಂಗ ಅದಾರ್ರಿ, ಸಣ್ಣತ್ತಿ" ಎನ್ನುತ್ತಾಳೆ. ಅದಕ್ಕಿಂತ ಹೆಚ್ಚು ಪಾಪ ಅವಳಾದರೂ ಏನು ಹೇಳಬೇಕು.

ಕಳೆದ ರವಿವಾರ ಸವಣೂರಿಗೆ ಹೋಗಿದ್ದೆ. ಅಕ್ಕ ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ನಾನು ಪಕ್ಕಕ್ಕೆ ಕೂತ ಕೂಡಲೇ ಮುಂಗೈ ಹಿಡಿದು ಏನೋ ಹೇಳಿದಳು. ಗಂಟಲಲ್ಲಿ ಸದ್ದಿತ್ತು, ಅಕ್ಷರವಿರಲಿಲ್ಲ.

"ನೀರು ಬೇಕೇನಕ್ಕಾ?"

ಅಲ್ಲ ಎಂದು ತಲೆಯಾಡಿಸಿದಳು.

"ನೋಯಾಕತ್ತೈತೇನು?"

ಅದೂ ಅಲ್ಲ. ಇನ್ನೊಮ್ಮೆ ಹೇಳಿದಳು, ನಿಧಾನವಾಗಿ, ದಡ್ಡ ಹುಡುಗರಿಗೆ ನಾನು ಬಿಡಿಸಿ ಹೇಳುವ ಹಾಗೆ. ಬಾಯಿಯ ಹತ್ತಿರ ಕಿವಿ ಒಯ್ದೆ. ಅವ್ವನ ವಿಷಯವೇ? ಮಗನ ವಿಷಯವೇ? ನನ್ನನ್ನೇ ಏನಾದರೂ ಬೈಯುತ್ತಿದ್ದಳೇ? ಆಕೆಯ ಹಣೆಯ ಮೇಲೆ ಬೆವರು ಮೂಡಿತ್ತು. ಆ ಕಷ್ಟ ನೋಡಲಾರದೆ, "ಹೂಂ ಅಕ್ಕಾ, ತಿಳೀತು" ಎಂದೆ.

ಆಕೆ ನನ್ನ ಬಾಯನ್ನೇ ನೋಡುತ್ತ ಕಾಯ್ದಳು. ತಿಳಿದಿದ್ದರೆ ಉತ್ತರ ಹೇಳಬೇಕಲ್ಲ. ನಾನು ಸೆರಗಿನಿಂದ ಆಕೆಯ ಹಣೆ ಒರೆಸಿದೆ. ಆಕೆ ನನ್ನ ಕೈ ಬಿಟ್ಟಳು, ಗೋಡೆಯ ಕಡೆ ಹೊರಳಿ ಮಲಗಿದಳು.